ದೊಡ್ಡ ನಾಯಿ, ಹಸಿ ಮಾಂಸ, ತಿಂಗಳ ಬಿಲ್ಲು

ಹೂವಿನ ಹಿಪ್ಪರಗಿಯಿಂದ ಮಾತಾಡ್ತಿದೀನಿ. ಇಯರ್‌ಫೋನ್ ಹಾಕ್ಕೊಂಡು ಬಸ್ಸಿನ್ಯಾಗ ಕೂತವ್ರು, ಹೊಲದಾಗ ಟ್ರ್ಯಾಕ್ಟರ್ ಮ್ಯಾಲೆ ಇದ್ದವ್ರು, ಬೆಂಗಳೂರು ಪುಣೆ ಪಿಜಿಯೊಳಗ ಮಲಗಿದವ್ರು, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ನಾಯಿ ಊಟದ ಖರ್ಚು. ನಾನು ಓದಿದ್ದು ಬಿ.ಕಾಂ. ನಾಯಿ ಡಾಕ್ಟರ್ ಅಲ್ಲ. ಆದ್ರೆ ಇನ್‌ಸ್ಟಾಗ್ರಾಂ ರೀಲ್ಸ್ ನೋಡಿ ರಾಟ್‌ವೀಲರ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಮರಿ ತರೋ ಹುಡುಗ್ರು ನಮ್ಮ ಸುತ್ತಮುತ್ತ ಜಾಸ್ತಿ ಆಗ್ಯಾರ. ಅದೇ ರೀಲ್ಸ್‌ನಲ್ಲಿ ಇನ್ನೊಂದು ವಿಡಿಯೊ ಬರ್ತದ: ಸ್ಟೀಲ್ ತಟ್ಟೆ ತುಂಬ ಹಸಿ ಮಾಂಸ, ಮೇಲೊಂದು ಹಸಿ ಮೊಟ್ಟೆ, ನಾಯಿ ಗಬಗಬ ತಿಂತದ. ಕೆಳಗೆ, "ನಾಯಿ ಅಂದ್ರೆ ತೋಳ, ತೋಳಕ್ಕ ಅನ್ನ ಹಾಕ್ತೀರಾ?" ಅಂತ ಪ್ರಶ್ನೆ. ಆ ತಟ್ಟೆಗೆ ದಿನಕ್ಕೆ ಎಷ್ಟು ದುಡ್ಡು ಬೀಳ್ತದ ಅಂತ ಮಾತ್ರ ಯಾರೂ ಹೇಳಲ್ಲ. ಅದನ್ನ ಇವತ್ತು ನಾವು ಲೆಕ್ಕ ಹಾಕೋಣ.

ಈ ಪದ್ಧತಿ ಬಂದದ್ದು ಎಲ್ಲಿಂದ?

ನಾಯಿಗೆ ಹಸಿ ಮಾಂಸ, ಮೂಳೆ ಹಾಕೋದು ಹೊಸದೇನಲ್ಲ. ಆದ್ರೆ ಅದಕ್ಕೊಂದು ಪದ್ಧತಿಯ ರೂಪ ಕೊಟ್ಟು ಜನಪ್ರಿಯ ಮಾಡಿದವರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್. 1993ರಲ್ಲಿ ಅವರ ಪುಸ್ತಕ ಬಂತು, ಆಮೇಲೆ 'ಬಾರ್ಫ್' ಅನ್ನೋ ಹೆಸರು ಜಗತ್ತಿನ ತುಂಬ ಓಡಾಡ್ತು. ಇದನ್ನ ಪಾಲಿಸೋರು ಎರಡು ಸರಳ ಸೂತ್ರ ಹೇಳ್ತಾರೆ. ಒಂದು, ದೊಡ್ಡ ನಾಯಿಗೆ ಅದರ ತೂಕದ ಶೇ 2ರಿಂದ 3ರಷ್ಟು ಆಹಾರ ದಿನಕ್ಕೆ. ಎರಡು, ಅದರಲ್ಲಿ ಶೇ 80 ಮಾಂಸ, ಶೇ 10 ತಿನ್ನೋ ಮೂಳೆ, ಶೇ 10 ಲಿವರ್‌ನಂಥ ಒಳಾಂಗ.

ಇದರಲ್ಲೊಂದು ಮಾತು ಗಮನಿಸ್ರಿ. ಆಸ್ಟ್ರೇಲಿಯಾ, ಅಮೆರಿಕದಂಥ ಕಡೆ ದನದ ಮಾಂಸದ ದೊಡ್ಡ ಉದ್ಯಮ ಐತಿ. ಮನುಷ್ಯರು ತಿನ್ನದ ಭಾಗ ಅಲ್ಲಿ ರಾಶಿರಾಶಿ ಉಳೀತದ, ಅದು ಅಗ್ಗ. ನಮ್ಮಲ್ಲಿ ಹಂಗಿಲ್ಲ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರೋ ಕಾನೂನಿನ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ದನಗಳ ವಧೆಗೆ ಅವಕಾಶ ಇಲ್ಲ. ಹಂಗಾಗಿ ನಮ್ಮ ಕಡೆ ನಾಯಿ ತಟ್ಟೆಗೆ ಬೀಳೋದು ಬ್ರಾಯ್ಲರ್ ಕೋಳಿ, ಇಲ್ಲಾಂದ್ರೆ ಕುರಿ, ಆಡು. ಅಂದ್ರೆ ನಾವು ತಿನ್ನೋ ಮಾಂಸನೇ, ನಾವು ಕೊಡೋ ರೇಟಿನಲ್ಲೇ. ಅಲ್ಲಿಯ ಸೂತ್ರವನ್ನ ಇಲ್ಲಿಗೆ ತಂದ್ರೆ ಬಿಲ್ಲು ಬದಲಾಗ್ತದ.

ಪೆನ್ನು ತಗೊಳ್ರಿ

ಲೆಕ್ಕ ಸುಲಭ ಆಗ್ಲಿ ಅಂತ 40 ಕೆಜಿ ತೂಕದ ನಾಯಿ ಇಟ್ಕೊಳ್ಳೋಣ. ಬೆಳೆದ ಗಂಡು ರಾಟ್‌ವೀಲರ್ ಆರಾಮಾಗಿ ಅಷ್ಟು ತೂಗ್ತದ. ಶೇ 2.5 ಅಂದ್ರೆ ದಿನಕ್ಕೆ 1 ಕೆಜಿ. ನಾನು ಹೇಳೋ ರೇಟು ಲೆಕ್ಕಕ್ಕೆ ಇಟ್ಟದ್ದು. ನಿಮ್ಮ ಊರಿನ ರೇಟ್ ಬೇರೆ ಇದ್ರೆ ಅದನ್ನ ಹಾಕ್ಕೊಳ್ರಿ.

"ಕೋಳಿ ಕೆಜಿಗೆ 220, ತಿಂಗಳಿಗೆ 6,600, ಅಷ್ಟೇ ಅಲ್ಲೇನು?" ಅಂತೀರಿ. ಅಷ್ಟೇ ಅಲ್ಲ. ಅಂಗಡಿಯಲ್ಲಿ ಕಡಿದು ಕೊಡೋ ಕೋಳಿಯಲ್ಲಿ ಮೂಳೆನೇ ಸುಮಾರು ಕಾಲು ಭಾಗ ಇರ್ತದ. ಸೂತ್ರ ಕೇಳೋದು ಶೇ 10 ಮಾತ್ರ. ಮೂಳೆ ಹೆಚ್ಚಾದ್ರೆ ನಾಯಿಗೆ ಮಲಬದ್ಧತೆ. ಆದ್ದರಿಂದ ಬೋನ್‌ಲೆಸ್ ಬೆರೆಸಲೇಬೇಕು.

ಮೂಳೆ ಸಮೇತ ಕೋಳಿ 350 ಗ್ರಾಂ, ಕೆಜಿಗೆ 220ರಂತೆ 77 ರೂಪಾಯಿ. ಬೋನ್‌ಲೆಸ್ 550 ಗ್ರಾಂ, ಕೆಜಿಗೆ 350ರಂತೆ 192 ರೂಪಾಯಿ 50 ಪೈಸೆ. ಲಿವರ್ 100 ಗ್ರಾಂ, ಕೆಜಿಗೆ 160ರಂತೆ 16 ರೂಪಾಯಿ. ಒಟ್ಟು ದಿನಕ್ಕೆ 285 ರೂಪಾಯಿ 50 ಪೈಸೆ. ತಿಂಗಳಿಗೆ 8,565. ವರ್ಷಕ್ಕೆ 1 ಲಕ್ಷ 4 ಸಾವಿರ ಚಿಲ್ಲರೆ. ನಾಯಿ 10 ವರ್ಷ ಬದುಕಿದ್ರೆ, ರೇಟ್ ಒಂದು ರೂಪಾಯಿನೂ ಏರದಿದ್ರೂ, ಹತ್ತು ಲಕ್ಷ ದಾಟ್ತದ.

ಪಕ್ಕದಲ್ಲಿ ಇನ್ನೊಂದು ಅಂಕಿ ಇಡ್ತೀನಿ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕರ್ನಾಟಕದ ದಿನಗೂಲಿ 2024-25ರಲ್ಲಿ 349 ರೂಪಾಯಿ ಇತ್ತು. ಬಿಸಿಲಾಗ ಒಬ್ಬ ಮನುಷ್ಯ ಇಡೀ ದಿನ ಮಣ್ಣು ಹೊತ್ತು ಗಳಿಸೋ ದುಡ್ಡಿನ ಶೇ 80ಕ್ಕಿಂತ ಹೆಚ್ಚು, ಒಂದು ನಾಯಿಯ ಒಂದು ದಿನದ ಊಟ. ನಾಯಿ ಸಾಕಬ್ಯಾಡ್ರಿ ಅಂತ ನಾನು ಹೇಳ್ತಿಲ್ಲ. ಆ ಖರ್ಚು ಯಾರ ಜೇಬಿನಿಂದ ಹೋಗ್ತದ ಅನ್ನೋದು ಮನೆಯವರಿಗೆಲ್ಲ ಗೊತ್ತಿರಬೇಕು, ಅಷ್ಟೇ.

ಕಾಮರ್ಸ್ ಓದಿದವರಿಗೆ ಇದು ಮೊದಲ ಪಾಠ: ವಸ್ತು ಕೊಳ್ಳೋ ಖರ್ಚು ಬೇರೆ, ನಡೆಸೋ ಖರ್ಚು ಬೇರೆ. ಮರಿಗೆ ಹದಿನೈದು ಸಾವಿರ, ಇಪ್ಪತ್ತು ಸಾವಿರ ಅಂತ ಚೌಕಾಸಿ ಮಾಡ್ತೀವಲ್ಲ, ನಾಯಿಯ ಇಡೀ ಆಯುಷ್ಯದ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಸಣ್ಣ ಅಂಕಿ.

ಬಿಲ್ಲಿನಲ್ಲಿ ಕಾಣದ ಖರ್ಚು

ಮೊದಲನೇದು ಫ್ರೀಜರ್. ಹದಿನೈದು ದಿನದ ಮಾಂಸ ಅಂದ್ರೆ 15 ಕೆಜಿ. ಮನೆ ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿ ಅದು ಹಿಡಿಯಲ್ಲ. ಬೇರೆ ಡೀಪ್ ಫ್ರೀಜರ್ ಬೇಕು, ಅದಕ್ಕೆ ಕರೆಂಟ್ ಬೇಕು. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಐತಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟ್ತದ. ಒಮ್ಮೆ ಕರಗಿದ ಮಾಂಸದಲ್ಲಿ ಬ್ಯಾಕ್ಟೀರಿಯಾ ಭರ್ರನೆ ಬೆಳೀತಾವ. ಫ್ರೀಜ್ ಮಾಡಿದ್ರೆ ಸಾಲ್ಮೊನೆಲ್ಲಾ ಸಾಯ್ತದ ಅಂತ ತಿಳ್ಕೋಬ್ಯಾಡ್ರಿ. ಅದು ಮಲಗಿರ್ತದ, ಬೆಚ್ಚಗಾದ ಮೇಲೆ ಏಳ್ತದ. ಅದನ್ನ ಕೊಲ್ಲೋದು ಬೆಂಕಿ ಮಾತ್ರ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ನಾಯಿ, ಬೆಕ್ಕಿಗೆ ಹಸಿ ಮಾಂಸ ಬೇಡ ಅಂತ ನಿಲುವು ತಗೊಂಡಿದ್ದು ಇದೇ ಕಾರಣಕ್ಕೆ. ನಾಯಿ ಗಟ್ಟಿ ಇದ್ದು ಆರಾಮಾಗೇ ಇರಬಹುದು. ಆದ್ರೆ ಅದು ನೆಕ್ಕಿದ ಕೈ ಬಾಯಿಗೆ ಹಾಕ್ಕೊಳ್ಳೋದು ಮನೆಯ ಸಣ್ಣ ಕೂಸು.

ಎರಡನೇದು ಹುಳ. ಖರ್ಚು ಉಳಿಸೋಕೆ ಕೆಲವರು ಕುರಿ ಕಡಿಯೋ ಕಡೆಯಿಂದ ಒಳಗಿನ ಭಾಗ ಪುಕ್ಕಟೆ ತರ್ತಾರೆ. ಇದು ಎಲ್ಲಕ್ಕಿಂತ ದುಬಾರಿ ಪುಕ್ಕಟೆ. ಕುರಿಯ ಲಿವರ್, ಶ್ವಾಸಕೋಶದಲ್ಲಿ ನೀರುಗುಳ್ಳೆ ಥರ ಗಂಟು ಇದ್ರೆ ಅದು ಎಕಿನೊಕಾಕಸ್ ಅನ್ನೋ ಹುಳದ ಮರಿ ಇರೋ ಚೀಲ ಆಗಿರಬಹುದು. ಹಸಿಯಾಗಿ ತಿಂದ ನಾಯಿಯ ಹೊಟ್ಟೆಯಲ್ಲಿ ಅದು ಹುಳ ಆಗ್ತದ, ತತ್ತಿ ನಾಯಿಯ ಮಲದಲ್ಲಿ ಹೊರಗೆ ಬರ್ತದ, ಕೈಯಿಂದ ಬಾಯಿಗೆ ಹೋದ್ರೆ ಮನುಷ್ಯರ ಲಿವರ್‌ನಲ್ಲಿ ಅದೇ ಚೀಲ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೀತದ. ವೈದ್ಯರು ಇದಕ್ಕೆ ಹೈಡಾಟಿಡ್ ಅಂತಾರೆ. ಎಷ್ಟೋ ಸಲ ಆಪರೇಷನ್ನೇ ಮದ್ದು. ಕುರಿ, ನಾಯಿ, ಮನುಷ್ಯ ಒಂದೇ ಅಂಗಳದಲ್ಲಿ ಬದುಕೋ ನಮ್ಮಂಥ ಊರಿನಲ್ಲಿ ಇದನ್ನ ಹಗುರಾಗಿ ತಗೊಳ್ಳೋಕೆ ಆಗಲ್ಲ. ಒಳಾಂಗ ಹಾಕೋದಾದ್ರೆ ಚೆನ್ನಾಗಿ ಕುದಿಸಿ ಹಾಕ್ರಿ. ಹುಳದ ಔಷಧ ಎಷ್ಟು ತಿಂಗಳಿಗೊಮ್ಮೆ ಅಂತ ಪಶುವೈದ್ಯರನ್ನ ಕೇಳ್ರಿ.

ಮೂರನೇದು ಮರಿಯ ಕಾಲು. ನಮ್ಮ ಓಣಿಯ ಒಬ್ಬ ಹುಡುಗ, ಗಾಡಿ ಓಡಿಸ್ತಾನೆ, ಜರ್ಮನ್ ಶೆಫರ್ಡ್ ಮರಿ ತಂದ. ಬಾಳ ಪ್ರೀತಿ. "ಮೂಳೆ ಗಂಟಲಿಗೆ ಸಿಗ್ತದ" ಅಂತ ಅಂಜಿ ದಿನಾ ಬರೀ ಬೋನ್‌ಲೆಸ್ ಹಾಕ್ದ. ತಾನು ತಿನ್ನೋದನ್ನ ಕಡಿಮೆ ಮಾಡಿ ಹಾಕ್ದ ಅಂದ್ರೂ ಸುಳ್ಳಲ್ಲ. ನಾಲ್ಕು ತಿಂಗಳಿಗೆ ಮರಿಯ ಮುಂಗಾಲು ಬಿಲ್ಲಿನಂಗ ಬಾಗಿದ್ವು, ಮುಟ್ಟಿದ್ರೆ ಕುಂಯ್ ಅಂತಿತ್ತು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಏನು ತಿನ್ನಿಸ್ತಿ?

ಕಾರಣ ಹಿಂಗೈತಿ. ಬರೀ ಮಾಂಸದಲ್ಲಿ ರಂಜಕ ಬಾಳ, ಕ್ಯಾಲ್ಸಿಯಂ ಅದರ ಹದಿನೈದು ಇಪ್ಪತ್ತನೇ ಒಂದು ಪಾಲು. ಮರಿಗೆ ಬೇಕಾಗೋದು ರಂಜಕಕ್ಕಿಂತ ಸ್ವಲ್ಪ ಹೆಚ್ಚೇ ಕ್ಯಾಲ್ಸಿಯಂ. ಊಟದಲ್ಲಿ ಸಿಗದಿದ್ರೆ ದೇಹ ತನ್ನ ಎಲುಬಿನಿಂದಲೇ ಅದನ್ನ ಕಿತ್ತು ತಗೊಳ್ತದ. ಹಂಗಂತ ಟಾನಿಕ್ ಸುರಿದ್ರೂ ಕಷ್ಟ. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಹೆಚ್ಚಾದ್ರೂ ಎಲುಬು ಕೆಡ್ತದ. ಆ ಮರಿ ಊಟ ಬದಲಿಸಿದ ಮೇಲೆ ಸುಧಾರಿಸಿತು, ಈಗ ಓಡ್ತದ. ಆದ್ರೆ ಎಡಗಾಲು ಸ್ವಲ್ಪ ಹೊರಗೇ ಉಳೀತು. ದುಡ್ಡು ಖರ್ಚು ಮಾಡಿದ್ದಕ್ಕೆ ಆರೋಗ್ಯ ಸಿಕ್ಕೇ ಸಿಗ್ತದ ಅನ್ನೋ ಗ್ಯಾರಂಟಿ ಇಲ್ಲ.

ನಾಯಿ ತೋಳ ಹೌದಾ?

ರೀಲ್ಸ್‌ನ ಪ್ರಶ್ನೆಗೆ ಬರೋಣ. 2013ರಲ್ಲಿ ಸ್ವೀಡನ್‌ನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಪಿಷ್ಟ ಜೀರ್ಣ ಮಾಡೋ ಅಮೈಲೇಸ್ ಅನ್ನೋ ಕಿಣ್ವದ ಜೀನ್, ತೋಳದಲ್ಲಿ ಎರಡೇ ಪ್ರತಿ. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ. ಅಂದ್ರೆ ಮನುಷ್ಯನ ಒಲೆಯ ಪಕ್ಕ ಸಾವಿರಾರು ವರ್ಷ ಕೂತು, ನಮ್ಮ ಅನ್ನ ರೊಟ್ಟಿ ತಿಂದು, ನಾಯಿಯ ಹೊಟ್ಟೆನೇ ಬದಲಾಗ್ಯದ.

ಸ್ವೀಡನ್ ದೂರ ಆಯ್ತು ಅಂದ್ರೆ ಕೃಷ್ಣಾ ನದಿ ದಾಟ್ರಿ, ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕ ಹೋಗ್ರಿ. ಘೋರ್ಪಡೆ ಅರಸರು ಪೋಷಿಸಿದ ಮುಧೋಳ ನಾಯಿ, 2005ರಲ್ಲಿ ಅಂಚೆಚೀಟಿ ಮೇಲೆ ಬಂತು, ಆಮೇಲೆ ಸೇನೆಯ ತರಬೇತಿಗೂ ಹೋಯ್ತು. ಅಲ್ಲಿ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರನೇ ಐತಿ. ಗಾಳಿಯಂಗ ಓಡೋ ಈ ಬೇಟೆ ನಾಯಿಯನ್ನ ಅಲ್ಲಿನ ರೈತರು ತಲೆತಲಾಂತರದಿಂದ ಸಾಕಿದ್ದು ಜೋಳ, ಗೋದಿ, ಗೋವಿನಜೋಳ, ಹಾಲು, ಮೊಟ್ಟೆ ಮ್ಯಾಲೆ. ಮಾಂಸ ಸಿಕ್ಕಾಗ ಮಾಂಸ. ಬೇಟೆ ನಾಯಿಗೇ ಅದು ಸಾಕಾಗಿದ್ದರೆ, ಗೇಟಿನ ಒಳಗೆ ಮಲಗೋ ನಾಯಿಗೆ ದಿನಾ ಕೆಜಿ ಹಸಿ ಮಾಂಸ ಯಾಕ್ರೀ?

ಹಸಿ ಮಾಂಸದ ಪರ ಇರೋರ ಮಾತಲ್ಲೂ ಸತ್ಯ ಐತಿ. ನಾಯಿಗೆ ರುಚಿ ಹತ್ತತದ, ಮಲ ಕಡಿಮೆ ಆಗ್ತದ. ಬರೀ ಅನ್ನ, ಸಾರು ಹಾಕಿ ಸಾಕಿದ ನಾಯಿಗಿಂತ ಅದು ಚಂದ ಕಾಣಬಹುದು. ಆದ್ರೆ ಆ ಲಾಭದ ಬಹುಪಾಲು ಬರೋದು ಪ್ರೋಟೀನ್‌ನಿಂದ. ಪ್ರೋಟೀನ್ ಬೇಯಿಸಿದ್ರೂ ಇರ್ತದ.

ಇನ್ನೊಂದು ತಟ್ಟೆ

ಅದೇ 40 ಕೆಜಿ ನಾಯಿ. ಪಶುವೈದ್ಯರು ಬಳಸೋ ಸೂತ್ರದಂತೆ ಅದಕ್ಕೆ ದಿನಕ್ಕೆ ಸುಮಾರು 1,780 ಕ್ಯಾಲೊರಿ ಬೇಕು, ಕಟ್ಟಿ ಹಾಕಿದ ನಾಯಿಗೆ ಇನ್ನೂ ಕಡಿಮೆ. ತಟ್ಟೆ ಹಿಂಗ ಕಟ್ಟೋಣ: ಜೋಳದ ನುಚ್ಚು 300 ಗ್ರಾಂ, 12 ರೂಪಾಯಿ. ಬೇಯಿಸಿದ ಬೋನ್‌ಲೆಸ್ 200 ಗ್ರಾಂ, 70. ಮೊಟ್ಟೆ ಮೂರು, 21. ಬೇಯಿಸಿದ ಲಿವರ್ 50 ಗ್ರಾಂ, 8. ಮೊಸರು 200 ಗ್ರಾಂ, 12. ಎಣ್ಣೆ ಎರಡು ಚಮಚ, 2. ಪಶುವೈದ್ಯರು ಬರೆದ ವಿಟಮಿನ್, ಖನಿಜದ ಪುಡಿಗೆ 10. ಒಟ್ಟು 135 ರೂಪಾಯಿ. ಕ್ಯಾಲೊರಿ ಸುಮಾರು 1,750, ಪ್ರೋಟೀನ್ 100 ಗ್ರಾಂ ಮೇಲೆ. ತಿಂಗಳಿಗೆ 4,050, ವರ್ಷಕ್ಕೆ 49,275. ಹಸಿ ಮಾಂಸದ ಬಿಲ್ಲಿನ ಅರ್ಧಕ್ಕೂ ಕಡಿಮೆ. ಉಳಿದ ಸುಮಾರು 55 ಸಾವಿರದಲ್ಲಿ ಲಸಿಕೆ, ಹುಳದ ಔಷಧ, ವರ್ಷದ ತಪಾಸಣೆ ಎಲ್ಲ ಮುಗಿದು ಇನ್ನೂ ಉಳೀತದ.

ಮೂಳೆ ಇಲ್ಲದ ಈ ತಟ್ಟೆಗೂ ಕ್ಯಾಲ್ಸಿಯಂ ಸೇರಿಸಬೇಕು. ತೊಳೆದು ಒಣಗಿಸಿ ನಯವಾಗಿ ಪುಡಿ ಮಾಡಿದ ಮೊಟ್ಟೆ ಸಿಪ್ಪೆ, ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ. ಇದು ಬೆಳೆದ ನಾಯಿಯ ಲೆಕ್ಕ. ಮರಿಗೆ ನನ್ನ ಮಾತು ಬ್ಯಾಡ, ಡಾಕ್ಟರ್ ಮಾತು ಕೇಳ್ರಿ. ಇನ್ನು ಮೂರು ಎಚ್ಚರಿಕೆ: ಬೇಯಿಸಿದ ಮೂಳೆ ಹಾಕಬ್ಯಾಡ್ರಿ, ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚತದ. ಉಳ್ಳಾಗಡ್ಡಿ, ಬಳ್ಳೊಳ್ಳಿ ಇರೋ ಸಾರು ಬ್ಯಾಡ. ಮತ್ತೆ ನಮ್ಮ ಜಿಲ್ಲೆಯ ಹೆಮ್ಮೆಯ ದ್ರಾಕ್ಷಿ, ಒಣದ್ರಾಕ್ಷಿ ಒಂದೂ ಬ್ಯಾಡ, ನಾಯಿಯ ಕಿಡ್ನಿಗೆ ಅದು ವಿಷ.

ಕೊನೆಗೆ ಒಂದು ಮಾತು. ಈ ಲೆಕ್ಕ ಕೆಟ್ಟಾಗ ಅದರ ಪೆಟ್ಟು ಬೀಳೋದು ನಾಯಿಗೆ. ಮೊದಲ ತಿಂಗಳು ತಟ್ಟೆ ತುಂಬ ಮಾಂಸ, ಆರನೇ ತಿಂಗಳು ಅರ್ಧ ತಟ್ಟೆ, ವರ್ಷ ತುಂಬೋದರೊಳಗ ಯಾರದೋ ತೋಟಕ್ಕೆ ದಾನ, ಇಲ್ಲಾ ಹೈವೇ ಪಕ್ಕ ಇಳಿಸಿ ಗಾಡಿ ತಿರುಗಿಸೋದು. ಹಸಿದ 40 ಕೆಜಿ ನಾಯಿ ಕುರಿ ಹಿಂಡಿನ ಹತ್ತಿರ ಏನು ಮಾಡ್ತದ, ಆಮೇಲೆ ಜನ ಅದಕ್ಕ ಏನು ಮಾಡ್ತಾರ, ಹಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ. ಆದ್ದರಿಂದ ಮರಿ ತರೋ ಮೊದಲು ಒಂದು ಕೆಲಸ ಮಾಡ್ರಿ. ಮೂರು ತಿಂಗಳು, ಆ ನಾಯಿಯ ಊಟದ ದುಡ್ಡು ದಿನಾ ಒಂದು ಡಬ್ಬಿಯೊಳಗ ಹಾಕ್ರಿ. ಹಾಕೋಕೆ ಆದ್ರೆ ನಾಯಿ ತರ್ರಿ, ಡಬ್ಬಿಯ ದುಡ್ಡು ಅದರ ಮೊದಲ ಲಸಿಕೆಗೆ ಆಗ್ತದ. ಆಗದಿದ್ರೆ ಬೀದಿಯಲ್ಲಿ ನಮ್ಮ ನಾಡ ನಾಯಿ ಮರಿ ಬಾಳ ಅದಾವ, ಹದಿನೈದು ಇಪ್ಪತ್ತು ಕೆಜಿ ತೂಗ್ತಾವ, ಇದರ ಅರ್ಧ ತಟ್ಟೆಯಲ್ಲಿ ಜೀವನ ಪೂರ್ತಿ ನಿಮ್ಮ ಮನೆ ಕಾಯ್ತಾವ.

ಮರಿ ತರೋ ಆಲೋಚನೆಯಲ್ಲಿರೋ ಗೆಳೆಯರಿಗೆ ಈ ಎಪಿಸೋಡ್ ಕಳಿಸ್ರಿ.