ರಾತ್ರಿ ಪಾಳಿಗೂ ಒಂದು ಪಾಲು



ವಿಶೇಷ ಮಕ್ಕಳ ವಸತಿ ಶಾಲೆಗೆ ನೆರವು ಎಂದರೆ ಕೊಠಡಿ, ಮಂಚ, ಸಮವಸ್ತ್ರ ನೆನಪಾಗುತ್ತವೆ. ನಾವು ಇಂದು ಕೇಳುವುದು ರಾತ್ರಿ ಪಾಳಿಯ ಆಯಾಳ ಸಂಬಳವನ್ನು. ಹೊಟ್ಟೆನೋವೆಂದು ಹೇಳಲಾಗದ ಮಗು ಊಟ ಬಿಡುತ್ತದೆ, ಇಲ್ಲವೇ ಕೈ ಕಚ್ಚಿಕೊಳ್ಳುತ್ತದೆ. ಅದು ಹಠವಲ್ಲ, ನೋವು ಎಂದು ತಿಳಿಯಲು ಆ ಮಗುವನ್ನು ಬಲ್ಲವರೇ ಬೇಕು. ಸಂಬಳ ಸಾಲದೆ ಆಯಾ ಆರಾರು ತಿಂಗಳಿಗೆ ಬದಲಾದರೆ ಯಾರಿಗೆ ತಿಳಿದೀತು?

ಈ ಮಕ್ಕಳಲ್ಲಿ ಹಲವರಿಗೆ ಫಿಟ್ಸ್ ಇರುತ್ತದೆ. ಮಾತ್ರೆ ತಪ್ಪಿದರೆ ಅದು ಮರುಕಳಿಸಬಹುದು. ತಾಯಂದಿರೇ, ಹಬ್ಬದ ರಜೆಗೆ ಮಗು ಮನೆಗೆ ಬಂದಾಗ ‘ಈಗ ಚೆನ್ನಾಗಿದ್ದಾನಲ್ಲ’ ಎಂದು ಮಾತ್ರೆ ನಿಲ್ಲಿಸಬೇಡಿ. ಮರಳಿ ಬಿಡುವಾಗ ಡಾಕ್ಟರ ಚೀಟಿ, ಉಳಿದ ಮಾತ್ರೆ ಎರಡನ್ನೂ ವಾರ್ಡನ್ ಕೈಗೇ ಕೊಡಿ. ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ನೀರನ್ನೂ ಹಾಕಬೇಡಿ. ಕೈಗೆ ಬೀಗದ ಕೈ ಕೊಟ್ಟರೆ ಅದು ನಿಲ್ಲುವುದಿಲ್ಲ. 5 ನಿಮಿಷ ಮೀರಿದರೆ 108ಕ್ಕೆ ಫೋನ್ ಮಾಡಿ.

ವಿದ್ಯಾರ್ಥಿವೇತನಕ್ಕೆ ಬಂದ ಮನೆಯವರು ‘ನಿರಾಮಯ’ ವಿಮೆಯನ್ನೂ ವಿಚಾರಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯವಿರುವವರಿಗೆ ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ಈ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ, ಆದರೆ ಒಳಮಿತಿಗಳಿವೆ. ಅಂಗವೈಕಲ್ಯ ಪ್ರಮಾಣಪತ್ರ ಮೊದಲು ಮಾಡಿಸಿಕೊಳ್ಳಿ.

ಆದರೆ ನಡುರಾತ್ರಿ ಎದ್ದು ಕೂರುವವರ ಸಂಬಳವನ್ನು ಯಾವ ವಿಮೆಯೂ ಕೊಡುವುದಿಲ್ಲ. ಅದಕ್ಕೆ ಕೊಟ್ಟವರ ಹೆಸರನ್ನು ಕಲ್ಲಿನ ಮೇಲೆ ಕೆತ್ತುವುದೂ ಇಲ್ಲ, ನಿಜ. ಈ ವರ್ಷ ಒಂದು ಕೊಠಡಿ ಕಡಿಮೆಯಾದರೂ ಸರಿ, ಆ ಸಂಬಳಕ್ಕೆ ನಿಮ್ಮ ಪಾಲು ಇರಲಿ.