ಪತ್ರ ಓದಿ, ಆಮೇಲೆ ಹಣ ಕೊಡಿ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ನಮ್ಮ ವಸಂತನರಸಾಪುರ ಕೈಗಾರಿಕಾ ಪ್ರದೇಶವಾಯಿತು. 2014ರಲ್ಲಿ ಪ್ರಧಾನಮಂತ್ರಿಗಳೇ ಬಂದು ಫುಡ್ ಪಾರ್ಕ್ ಉದ್ಘಾಟಿಸಿದರು. ಈಗ ಹೊಲದ ಬದುವಿನ ಮೇಲೆ ನಿಂತು ಬೆಲೆ ಕೇಳುವವರಿದ್ದಾರೆ. ಜಮೀನು ಕೊಡುವವರೂ ನಾವೇ, ಆ ದುಡ್ಡಿನಲ್ಲಿ ಬೇರೆ ಕಡೆ ಕೊಳ್ಳುವವರೂ ನಾವೇ. ಕೊಳ್ಳುವಾಗ "ರಿಜಿಸ್ಟ್ರಾಯ್ತಲ್ಲ, ಇನ್ನೇನು ಭಯ?" ಅಂತೀವಿ. ಅಲ್ಲೇ ತಪ್ಪೋದು. ಬರೆದುಕೊಡುವವರಿಗೆ ಎಷ್ಟು ಹಕ್ಕಿದೆಯೋ ಅಷ್ಟೇ ನಮಗೆ ಬರುವುದು.

ಕೊಳ್ಳುವವರಿಗೆ ಹೆಚ್ಚು ರಕ್ಷಣೆ ಇರುವುದು ಶುದ್ಧ ಕ್ರಯಪತ್ರದಲ್ಲಿ. ಬೇರೆ ಷರತ್ತು ಬರೆಯದಿದ್ದರೆ, ಮಾರುವವರು ತಮಗೆ ಮಾರುವ ಹಕ್ಕಿದೆ ಎಂದು ಮಾತು ಕೊಟ್ಟಂತೆಯೇ ಎಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಂ ಹೇಳುತ್ತದೆ. ಆದರೂ "ಮುಂದೆ ತಂಟೆ ತಕರಾರು ಬಂದಲ್ಲಿ ನನ್ನ ಸ್ವಂತ ಖರ್ಚಿನಲ್ಲಿ ಪರಿಹರಿಸಿಕೊಡುತ್ತೇನೆ" ಎಂಬ ಮಾತನ್ನು ಬರೆಸಿಕೊಳ್ಳಿ.

ಹಕ್ಕು ಬಿಡುಗಡೆ ಪತ್ರ ಹಾಗಲ್ಲ. "ನನ್ನ ಪಾಲೇನಿದ್ದರೂ ಬಿಟ್ಟಿದ್ದೇನೆ" ಅನ್ನುತ್ತದೆ, ಅಷ್ಟೆ. ಪಾಲು ಇತ್ತು ಎಂಬ ಖಾತ್ರಿ ಅದರಲ್ಲಿಲ್ಲ. ಒಡಹುಟ್ಟಿದವರ ನಡುವೆ ಅದು ಸರಿ, ಹೊರಗಿನವರು ಅದನ್ನೇ ನಂಬಿ ಹಣ ಕೊಡಬಾರದು.

ಅಗ್ರಿಮೆಂಟು ಅಂದರೆ ಮುಂದೆ ಕ್ರಯ ಮಾಡಿಕೊಡುವ ಮಾತು ಮಾತ್ರ, ಒಡೆತನ ಬರುವುದಿಲ್ಲ. ಅದರಲ್ಲಿ ಹಾಕಿದ ಗಡುವು ಮುಗಿದ ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ ಕ್ರಯ ಮಾಡಿಸಿಕೊಳ್ಳುವ ಹಕ್ಕೂ ಹೋಗುತ್ತದೆ. ಜಿಪಿಎ ಬರೆಸಿಕೊಂಡು ಜಮೀನು ಕೊಂಡೆವು ಅನ್ನುವವರೂ ಇದ್ದಾರೆ. ಅದರಿಂದ ಒಡೆತನ ಬರುವುದಿಲ್ಲವೆಂದು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ.

ಕ್ರಯಪತ್ರವೇ ಆದರೂ ಹಿಂದಿನದನ್ನು ನೋಡಬೇಕು. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿ ಇದೆಯೇ ನೋಡಿ. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿ ಇಲ್ಲದೆ ಕೊಂಡರೆ, 1978ರ ಕಾಯಿದೆಯಂತೆ ರಿಜಿಸ್ಟ್ರಾಗಿದ್ದರೂ ಆ ಕ್ರಯ ನಿಲ್ಲುವುದಿಲ್ಲ. ಜಮೀನು ಮೂಲ ಮಂಜೂರುದಾರರಿಗೇ ವಾಪಸ್ಸು. ಕೊಟ್ಟ ಹಣಕ್ಕೆ ನೀವು ಅಲೆಯಬೇಕು.

ಆದ್ದರಿಂದ ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ., ಪಹಣಿ, ಮ್ಯುಟೇಷನ್, ಹಳೆಯ ಮೂಲಪತ್ರ ಎಲ್ಲ ತೆಗೆಸಿ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗದು. ನಮ್ಮಂಥ ಸಂಘದ ಸಾಲ ಬಾಕಿ ಇದೆಯೇ, ಅದನ್ನೂ ಕೇಳಿ. ತಿಳಿದ ವಕೀಲರಿಗೆ ತೋರಿಸಿ. ಹೊಲ ಉಳುವ ಮುಂಚೆ ಮಣ್ಣು ನೋಡುವ ನಾವು, ಹಣ ಎಣಿಸುವ ಮುಂಚೆ ಪತ್ರ ನೋಡೋಣ.