ದುರ್ವಾರ್ತೆಯೂ ದೇವರ ನೆಚ್ಚಿಕೆಯೂ



ತಂತಿ ಬಂದಿತೆಂದರೆ ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಎದೆ ಒಡೆಯುತ್ತಿತ್ತು. ಶುಭವಾರ್ತೆಗೆ ಕಾರ್ಡು ಸಾಕು. ಮಾತು ಮಾತಿಗೂ ಹಣ ತೆತ್ತು ಕಳುಹುವುದು ಸಾವನ್ನೋ ರೋಗವನ್ನೋ ಆಗಿರಬೇಕೆಂಬುದು ಜನರ ಎಣಿಕೆ. ತಂತಿಯವನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡೊಡನೆ ಪ್ರತಿಯೊಂದು ಮನೆಯವರೂ ಅವನು ಪಕ್ಕದ ಮನೆಗೆ ಹೋಗಲೆಂದು ದೇವರನ್ನು ಬೇಡಿಕೊಳ್ಳುತ್ತಿದ್ದರು. ಪ್ರಾರ್ಥನೆಗಳಲ್ಲಿ ಇದು ಬಹು ಶ್ಲಾಘ್ಯವಾದುದೆಂದು ಹೇಳಲಾರೆವು. ನಮ್ಮ ದೇಶದ ತಂತಿಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಅಂಜಿಕೆ ಮಾತ್ರ ನಿಲ್ಲಲಿಲ್ಲ. ಈಗ ಅದು ಜೇಬಿನ ಟೆಲಿಫೋನಿನಲ್ಲಿ ಹಗಲಿರುಳೂ ನಮ್ಮ ಸಂಗಡವೇ ಸಂಚರಿಸುತ್ತದೆ.

ನಾವು ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಯತೊಡಗಿದ್ದ ಕಾಲ. ಒಂದು ಮಧ್ಯಾಹ್ನ ತಂದೆಯವರು ಊರಿನಲ್ಲಿಲ್ಲದಾಗ ನಮ್ಮ ಮನೆಗೆ ತಂತಿ ಬಂದಿತು. ತಾಯಿಯವರಿಗೆ ಇಂಗ್ಲಿಷ್ ಬಾರದು. ಕಾಗದವನ್ನು ನಮ್ಮ ಕೈಗಿತ್ತು ಓದೆಂದರು. ಸೋದರಮಾವನ ಹೆಸರಿತ್ತು, ಅದರ ಮುಂದೆ ‘ಎಕ್ಸ್‌ಪೈರ್ಡ್’ ಎಂಬ ಒಂದು ಮಾತಿತ್ತು. ಆ ಮಾತು ನಮ್ಮ ಪಾಠಗಳಲ್ಲಿ ಎಲ್ಲಿಯೂ ಬಂದಿರಲಿಲ್ಲ. ಅರ್ಥವನ್ನು ಕೇಳಿ ಬರಲು ಉಪಾಧ್ಯಾಯರ ಮನೆಗೆ ಓಡಿದೆವು. ಅವರು ನಿಘಂಟನ್ನು ತೆಗೆಯಲಿಲ್ಲ. ನಮ್ಮ ಹೆಗಲ ಮೇಲೆ ಕೈಯಿಟ್ಟರು. ಅರ್ಥ ತಿಳಿಯಿತು.

ಹಿಂದಿರುಗಿ ಬಂದಾಗ ಕಂಡದ್ದು ಇಂದಿಗೂ ಕಣ್ಣಿನಲ್ಲಿದೆ. ದೇವರ ಮುಂದೆ ಸಣ್ಣ ದೀಪ ಉರಿಯುತ್ತಿತ್ತು. ದೀಪದ ಬುಡದಲ್ಲಿ ತಂತಿಯ ಕಾಗದ ಬಿಚ್ಚಿಟ್ಟಿತ್ತು. ತಾಯಿಯವರು ಅಡಿಗೆಯ ಮನೆಯಲ್ಲಿ ಅನ್ನಕ್ಕಿಟ್ಟಿದ್ದರು. ಸುದ್ದಿ ಯಾವುದಾದರೂ ಸರಿ, ಅಣ್ಣನ ಊರಿಗೆ ಹೊರಡಬೇಕಾಗಿತ್ತು; ದಾರಿಯಲ್ಲಿ ಮಕ್ಕಳಿಗೆ ಬುತ್ತಿ ಬೇಕಾಗಿತ್ತು. ನಾವು ಅರ್ಥವನ್ನು ಹೇಳಿದೆವು. ಅವರು ಅಲ್ಲಿಯೇ ಕುಳಿತು ಅತ್ತರು, ಬಹಳ ಹೊತ್ತು ಅತ್ತರು. ಆಮೇಲೆ ಎದ್ದು ಅನ್ನ ಬಸಿದರು.

ದೈವಭಕ್ತಿಯುಳ್ಳವರ ಮನೆಗೆ ಕೆಟ್ಟ ಸುದ್ದಿ ಬಾರದೆಂದು ಬೋಧಿಸುವವರುಂಟು. ಈ ಬೋಧನೆ ಅನುಭವಕ್ಕೆ ಹೊರಗು. ಅಷ್ಟೇ ಅಲ್ಲ, ನಂಬಿದವನನ್ನು ಅದು ಮೊದಲನೆಯ ದುರ್ವಾರ್ತೆಯಲ್ಲಿಯೇ ನಾಸ್ತಿಕನನ್ನಾಗಿ ಮಾಡುತ್ತದೆ. ನಮ್ಮ ತಾಯಿಯವರು ಅಚ್ಚಾಗಿ ಬಂದ ಅಕ್ಷರಗಳನ್ನು ದೇವರು ತಿದ್ದಲೆಂದು ದೀಪ ಹಚ್ಚಿದರೆ? ದೊಡ್ಡವರಾದ ಮೇಲೆ ಒಮ್ಮೆ ಕೇಳಿಯೇಬಿಟ್ಟೆವು. “ಅವನ ಮುಂದೆ ಇಟ್ಟರೆ ನಾನೊಬ್ಬಳೇ ಕೇಳಿದ ಹಾಗಾಗುವುದಿಲ್ಲ” ಎಂದರು. ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಗ್ರಂಥಗಳನ್ನು ನಾವೂ ಕೆಲವನ್ನು ತಿರುವಿಹಾಕಿದ್ದೇವೆ. ಈ ವಿಚಾರವಾಗಿ ಇದಕ್ಕಿಂತ ಸ್ಪಷ್ಟವಾದ ಮಾತು ನಮಗೆ ದೊರೆತಿಲ್ಲ.

ಒಬ್ಬನೇ ಕೇಳಿದವನ ಪಾಡು ಏನಾಗುತ್ತದೆಂಬುದಕ್ಕೆ ಭಾರತದ ದ್ರೋಣನನ್ನು ನೆನೆಯಬಹುದು. ಯುದ್ಧದ ಹದಿನೈದನೆಯ ದಿನ. ಬಾಣದಿಂದ ಗೆಲ್ಲಲಾಗದ ಆಚಾರ್ಯನನ್ನು ಒಂದು ಸುದ್ದಿಯಿಂದ ಗೆದ್ದರು. ಅಶ್ವತ್ಥಾಮನೆಂಬ ಹೆಸರಿನ ಆನೆಯನ್ನು ಭೀಮನು ಕೊಂದು ಅಶ್ವತ್ಥಾಮನು ಸತ್ತನೆಂದು ಕೂಗಿದನು. ದ್ರೋಣನು ಧರ್ಮರಾಯನನ್ನು ಕೇಳಿದನು. ಧರ್ಮರಾಯನು ಆನೆಯೆಂಬ ಮಾತನ್ನು ಕೇಳಿಸದಂತೆ ನುಡಿದನು. ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯುತ್ತಿದ್ದ ಆತನ ರಥ ಅಂದಿನಿಂದ ನೆಲಕ್ಕಿಳಿಯಿತೆಂದು ಕಥೆ. ಸುಳ್ಳಾಡಿಸಿದವರನ್ನೂ ಆಡಿದವನನ್ನೂ ನಿಂದಿಸುವುದು ಸುಲಭ. ನಮಗೆ ತೋರುವ ಮಾತು ಬೇರೆ: ಆ ಮಹಾರಥನ ಬಾಳೆಲ್ಲ ಮಗನೆಂಬ ಒಂದೇ ಗೂಟಕ್ಕೆ ತಗುಲಿತ್ತು. ಗೂಟ ಕಿತ್ತಿತೆಂಬ ಮಾತೊಂದೇ ಸಾಕಾಯಿತು, ಕೀಳುವ ಅವಶ್ಯವೇ ಇರಲಿಲ್ಲ. ಬಿಲ್ಲನ್ನು ಕೆಳಗಿಟ್ಟ ಆಚಾರ್ಯನ ತಲೆಯನ್ನು ಧೃಷ್ಟದ್ಯುಮ್ನನು ಕತ್ತರಿಸಿದನು.

ತಾಯಿಯವರ ಆ ದೀಪವನ್ನು ನೆನಪಿಗೆ ತಂದ ಕಥೆ ಮಾತ್ರ ಬೇರೆ ದೇಶದ್ದು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬರುತ್ತದೆ. ಕ್ರಿಸ್ತನಿಗೆ 701 ವರ್ಷಗಳ ಹಿಂದೆ ಅಶ್ಶೂರದ ಸನ್ಹೇರೀಬನು ಯೆಹೂದದ ಕೋಟೆಗಳನ್ನು ಒಂದೊಂದಾಗಿ ಹಿಡಿದು, ಯೆರೂಸಲೇಮಿನ ಅರಸನಾದ ಹಿಜ್ಕೀಯನಿಗೆ ಬೆದರಿಕೆಯ ಓಲೆಯನ್ನು ಕಳುಹಿದನು. ನಿನ್ನ ದೇವರು ನಿನ್ನನ್ನು ಕಾಪಾಡುವನೆಂಬ ಭ್ರಾಂತಿ ಬೇಡವೆಂಬುದು ಅದರ ತಾತ್ಪರ್ಯ. ಹಿಜ್ಕೀಯನು ಓಲೆಯನ್ನು ಓದಿದನು. ದೇವಾಲಯಕ್ಕೆ ಹೋಗಿ ಅದನ್ನು ದೇವರ ಮುಂದೆ ಬಿಚ್ಚಿ ಹರಡಿದನು. ಹರಿದು ಹಾಕಲಿಲ್ಲ, ಬಚ್ಚಿಡಲಿಲ್ಲ. ಆದರೆ ಇದೇ ಅರಸನು ಮುತ್ತಿಗೆಯ ಕಾಲಕ್ಕೆ ನೀರು ಬೇಕೆಂದು ಊರೊಳಕ್ಕೆ ಕಾಲುವೆಯನ್ನೂ ತರಿಸಿದನೆಂದು ಅದೇ ಗ್ರಂಥ ಹೇಳುತ್ತದೆ. ಅವನದೆನ್ನುವ ಸುರಂಗ ಈಗಲೂ ಇದೆ. ಬಂಡೆಯೊಳಗೆ ಸುಮಾರು 533 ಮೀಟರುಗಳಷ್ಟು ಉದ್ದ. ಎರಡು ಕಡೆಯಿಂದಲೂ ಅಗೆಯುತ್ತ ಬಂದವರು ಒಬ್ಬರ ದನಿಯನ್ನೊಬ್ಬರು ಕೇಳಿ ನಡುವೆ ಸಂಧಿಸಿದರೆಂಬ ಶಾಸನ ಅದರ ಗೋಡೆಯಲ್ಲಿ 1880ರಲ್ಲಿ ಸಿಕ್ಕಿತು. ನೆಚ್ಚಿಕೆಯೆಂದರೆ ಕೈಕಟ್ಟಿ ಕೂರುವುದೆಂದು ಹಳಿಯುವ ನಮ್ಮ ವಿದ್ಯಾವಂತ ಮಿತ್ರರು ಈ ಸುರಂಗದಲ್ಲಿ ಒಮ್ಮೆ ನಡೆದು ಬರಬಹುದು. ಅಷ್ಟು ದೂರ ಹೋಗಲಾಗದಿದ್ದರೆ, ಬುತ್ತಿಗೆ ಅನ್ನವಿಟ್ಟ ಒಲೆಯೂ ಸಾಕು.

ಇದನ್ನೆಲ್ಲ ಹೇಳುವ ನಾವು ಧೀರರೆಂದು ತಾವು ಭಾವಿಸಬಾರದು. ಕಳೆದ ವರ್ಷ ತಾಯಿಯವರೇ ರೋಗಪೀಡಿತರಾಗಿ ಆಸ್ಪತ್ರೆಯಲ್ಲಿದ್ದರು. ತಮ್ಮನು ಬಳಿಯಲ್ಲಿದ್ದನು. ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಟೆಲಿಫೋನು ಮೊಳಗಿತು. ತಮ್ಮನ ಹೆಸರು ಕಾಣಿಸಿತು. ಮನಸ್ಸು ಕ್ಷಣಾರ್ಧದಲ್ಲಿ ನೂರು ಸುದ್ದಿಗಳನ್ನು ಕಟ್ಟಿತು, ನೂರೂ ಕೆಟ್ಟವು. ಹಣೆ ಬೆವರಿತು. ಎತ್ತದೆ ಬಿಟ್ಟರೆ ಸುದ್ದಿ ಬೆಳಗಿನವರೆಗಾದರೂ ದೂರವಿದ್ದೀತೆಂಬ ಹೇಡಿತನದ ಯೋಚನೆಯೂ ಸುಳಿಯಿತು. ದೇವರ ಮನೆಯ ಬಾಗಿಲು ತೆರೆದಿತ್ತು, ದೀಪ ಆರಿತ್ತು. ಹೋಗಿ ಕತ್ತಲೆಯಲ್ಲಿಯೇ ಕುಳಿತೆವು. ಧೈರ್ಯ ಬಂದಿತೆಂದರೆ ಸುಳ್ಳಾದೀತು. ಒಬ್ಬರೇ ಅಲ್ಲವೆಂದು ಮಾತ್ರ ತೋರಿತು. ಟೆಲಿಫೋನು ಇನ್ನೂ ಮೊಳಗುತ್ತಿತ್ತು. ಎತ್ತಿಕೊಂಡು “ಹೇಳು” ಎಂದೆವು.